ಎರವಲು ಮೂಗು

ಜ್ವರ ಬಿಟ್ಟು ಹೋಗುವಾಗ ನನ್ನ ಮೂಗನ್ನೂ ಕರಕೊಂಡು ಹೋಗಿ
ಬರುವ ಯುಗಾದಿಗೆ ಎರಡು ವರ್ಷ.
ಮುಖದ ಮೇಲೆ ಇದೆ, ಕನ್ನಡಕ ಕೂರಿಸಲಿಕ್ಕೆ.
ಒಗ್ಗರಣೆ ಸೀದದ್ದನ್ನು ಹೊಗೆ ಹೇಳಬೇಕು,
ಹಾಲು ಒಡೆದದ್ದನ್ನು ಕಣ್ಣು.
ಲ್ಯಾಬಿನಲ್ಲಿ ಕೊಳೆತ ಮೊಟ್ಟೆಯ ಅನಿಲ ಸೋರಿ
ಇಡೀ ಸೆಕೆಂಡ್ ಪಿಯುಸಿ ಹೊರಗೋಡಿದರೂ
ನಾನೊಬ್ಬಳೇ ಕರಿಹಲಗೆಯ ಮುಂದೆ
ಸಮೀಕರಣ ಸರಿದೂಗಿಸುತ್ತ ನಿಂತಿದ್ದೆ.
ನನ್ನದೇ ಮೈಯ ವಾಸನೆ ನನಗೆ ಗೊತ್ತಿಲ್ಲ.
ಹೆದರಿ, ದಿನಕ್ಕೆರಡು ಸಲ ಮೀಯುತ್ತೇನೆ.

ಅಂಥವಳನ್ನು ರುದ್ರಾಣಿ ಕರೆದಳು
ಹಿರಿಯೂರಿನಾಚೆ ವೈನು ಮಾಡುವ ತೋಟಗಳಿಗೆ.
'ಕುರುಡಿಯನ್ನು ಸಿನಿಮಾಕ್ಕೆ ಕರೆದಂಗಾತು' ಅಂದೆ.
'ಸೀಟು ಖಾಲಿ ಐತೆ, ಪೆಟ್ರೋಲು ಮೂರು ಪಾಲು,
ಸುಮ್ನೆ ಬಾ.'

ಶನಿವಾರ ನಸುಕಿಗೆ ದಾವಣಗೆರೆ ಬಿಟ್ಟೆವು.
ರುದ್ರಾಣಿ ಮನೆಯಲ್ಲಿ ಹೇಳಿದ್ದು, ಗೃಹಪ್ರವೇಶ.
ಸಾಬಿರಾ ನಿಜವನ್ನೇ ಹೇಳಿದ್ದಳು:
'ಕುಡಿಯೋದಿಲ್ಲ, ನೋಡಿ ಬರ್ತೀನಿ.'
ಅವಳ ತೊಡೆಯ ಮೇಲೆ ಪೇಪರಿನ ಪೊಟ್ಟಣ, ನರ್ಗಿಸ್ ಮಂಡಕ್ಕಿ.
ನನ್ನನ್ನು ಕೇಳುವವರಿರಲಿಲ್ಲ.
ಭರಮಸಾಗರ ಕಳೆದು, ಗುಡ್ಡದ ನೆತ್ತಿಗೆ
ಗಾಳಿಯಂತ್ರಗಳು, ಒಂದೊಂದಕ್ಕೆ ಮೂರು ಕೈ,
ಬಾ ಅನ್ನುತ್ತಿದ್ದವೋ ಬೇಡ ಅನ್ನುತ್ತಿದ್ದವೋ.

ಮೊದಲನೆಯ ತೋಟದಲ್ಲಿ ಟೈ ಕಟ್ಟಿದ ಹುಡುಗ.
ಗಾಜಿನ ಲೋಟ ಓರೆ ಮಾಡಿ, ಬೆಳಕಿಗೆ ಹಿಡಿದು,
'ಇದರಲ್ಲಿ ಚೆರ್ರಿ, ಓಕ್, ಕೊಂಚ ತೊಗಲು,
ಕೊನೆಗೆ ಕಪ್ಪು ಚಾಕೊಲೇಟು' ಎಂದ.
ರುದ್ರಾಣಿ ತಲೆಯಾಡಿಸಿದಳು. ಚೆರ್ರಿಯನ್ನು ಅವಳು ಕಂಡದ್ದು
ಬೇಕರಿ ಕೇಕಿನ ನಡುನೆತ್ತಿಯಲ್ಲಿ.
ನನ್ನ ನಾಲಗೆಗೆ ಸಿಕ್ಕಿದ್ದು
ಹುಳಿ, ಒಗರು, ಒಂದೆಳೆ ಬಿಸಿ.
'ಹೇಗಿದೆ ಮೇಡಂ?'
'ಪಿಎಚ್ ಮೂರೂವರೆ.'
ಹುಡುಗ ನಕ್ಕ. ಆಮೇಲೆ ನಗಲಿಲ್ಲ.

ಎರಡನೆಯದಕ್ಕೆ ಬೀಗ.
'ಓನರ್ರು ಮದುವೆಗೆ ಹೋಗವ್ರೆ' ಅಂದ ಕಾವಲಿನವನು.
ಅವನಿಗೂ ಮಂಡಕ್ಕಿ ಕೊಟ್ಟು
ಗೇಟಿನ ಸರಳಿನಿಂದ ದ್ರಾಕ್ಷಿಯ ಸಾಲು ಎಣಿಸಿದೆವು.
ರಾತ್ರಿ ಲಾಡ್ಜಿನಲ್ಲಿ ರುದ್ರಾಣಿ ಹಲ್ಲುಜ್ಜುವ ಲೋಟಕ್ಕೆ
ಬಾಟಲಿ ಬಗ್ಗಿಸಿ ಕುಡಿದು, ಅತ್ತೆಯನ್ನು ನೆನೆದು ನಕ್ಕಳು.
ಸಾಬಿರಾ ದಾಳಿಂಬೆ ಬಿಡಿಸಿದಳು, ಕಾಳು ಒಡೆಯದ ಹಾಗೆ.

ಮೂರನೆಯದು ತೋಟವೂ ಅಲ್ಲ,
ಮಾರಿಕಣಿವೆಯ ದಾರಿಯಲ್ಲೊಂದು ತಗಡಿನ ಶೆಡ್ಡು.
ಪೈಪು ಹಿಡಿದು ಪೀಪಾಯಿ ತೊಳೆಯುತ್ತಿದ್ದಳು ಬೋರಕ್ಕ,
ಸೆರಗು ಸೊಂಟಕ್ಕೆ, ಮೊಣಕಾಲ ತನಕ ನೀರು.
'ಇದನ್ನ ಒಂದು ತೊಟ್ಟೂ ಬಾಯಿಗಿಟ್ಟಿಲ್ಲ ಕಣವ್ವ.
ಮೂಗು ಮಾತ್ರ ಸುಮ್ಕಿರಲ್ಲ.'
ಕೇಳಿದೆ, ಯಾಕೆಂದು ಗೊತ್ತಿಲ್ಲ:
'ಏನು ವಾಸನೆ ಅಂತ ನನಗೆ ಹೇಳ್ತೀಯಾ?'

ಪೈಪು ಕೆಳಗಿಟ್ಟಳು. ಪೀಪಾಯಿಯ ಬಾಯಿಗೆ ತಲೆ ಕೊಟ್ಟಳು.
ಅವಳ ದನಿ ಬಾವಿಯೊಳಗಿಂದ ಬಂತು:
'ಮಳೆ ಹೊಯ್ದ ಮಾರನೆ ದಿನದ ಕುರಿರೊಪ್ಪ.
ಆದ್ರೆ ಕುರಿ ಇಲ್ಲ.'
ಮುಂದಿನದಕ್ಕೆ:
'ಹೊಸ ಕಂಬಳಿ. ಬಿಸಿಲಿಗೆ ಹಾಕೈತೆ.'
ಅದರ ಮುಂದಿನದಕ್ಕೆ ಹೊತ್ತು ಹಿಡಿಯಿತು.
'ನಮ್ಮಣ್ಣ ಸುಗ್ಗಿ ಕೂಲಿಗೆ ಹೋಗಿ ಬಂದಾಗ
ಬಾಳೆಹಣ್ಣು ತಂದು ಕೊಡೋದು ಮರೆತಿದ್ದ.
ಮೂರು ದಿನಕ್ಕೆ ಚೀಲ ಬಿಚ್ಚಿದ್ರೆ—ಹಂಗೆ.'

ಐಸೋಅಮೈಲ್ ಅಸಿಟೇಟು.
ಇಪ್ಪತ್ತಾರು ವರ್ಷ ಹಲಗೆಯ ಮೇಲೆ ಬರೆದು ಒರೆಸಿದ ಸೂತ್ರ.
ವಾಸನೆ ಬರಲಿಲ್ಲ ನನಗೆ, ಬಂತೆಂದರೆ ಸುಳ್ಳಾದೀತು.
ಚೀಲ ಕಂಡಿತು. ಗೊಬ್ಬರದ ಚೀಲ, ಕತ್ತರಿಸಿ ಹೊಲಿದದ್ದು.
ಅದರ ಬಾಯಿಗೆ ಕೈ ಹಾಕುವ ಹುಡುಗಿ ಕಂಡಳು.

ಹೊರಡುವಾಗ, ಕಾರಿನವರಿಗೆ ಕೇಳದ ಹಾಗೆ,
'ನಂದು?' ಅಂದೆ.
ಬೋರಕ್ಕ ನಾಚಲಿಲ್ಲ. ಕುತ್ತಿಗೆಯ ಹತ್ತಿರ ಬಂದು
ಎಳೆಗರುವಿನ ಹಾಗೆ ಒಂದು ಸಲ ಉಸಿರೆಳೆದಳು.
'ಬರೀ ಸೋಪು ಕಣವ್ವ.
ನೀನಿನ್ನೂ ಹೊರಗೇ ಬಂದಿಲ್ಲ.'

ಐಮಂಗಲದ ತನಕ ನಾನು ಮಾತಾಡಲಿಲ್ಲ.
ರುದ್ರಾಣಿ ಅಂದುಕೊಂಡಳು, ಏರಿದೆ ಅಂತ.

ಸೋಮವಾರ ಒಂದೇ ಸಲ ಮಿಂದು
ಕಾಲೇಜಿಗೆ ಹೋದೆ.